ಸೆಕ್ಷನ್ 46 ಸಾಹೇಬರಿಗೆ ಒಂದು ಸಂತಾಪ ಪತ್ರ

ಸೇನಾ ಕಾಯ್ದೆ, 1950ರ ಸೆಕ್ಷನ್ 46 ಸಾಹೇಬರ ಸನ್ನಿಧಾನಕ್ಕೆ, ನಿವೃತ್ತ ಸಿಗ್ನಲ್ಸ್ ಹವಾಲ್ದಾರನೊಬ್ಬನ ಸಲ್ಯೂಟ್.

ಮೊದಲಿಗೆ, ತಮ್ಮ ದೊಡ್ಡಪ್ಪ, ಭಾರತೀಯ ದಂಡ ಸಂಹಿತೆಯ ಸೆಕ್ಷನ್ 377 ಅವರು ತೀರಿಕೊಂಡದ್ದಕ್ಕೆ ತಡವಾಗಿ ಸಂತಾಪ. 1860ರಲ್ಲಿ ಬ್ರಿಟಿಷರ ಕೈಯಲ್ಲಿ ಹುಟ್ಟಿದ ಹಿರಿಯ ಜೀವ. ಒಂದೇ ಲಿಂಗದ ವಯಸ್ಕರಿಬ್ಬರು ಒಪ್ಪಿ ಕೂಡಿದರೆ ಅಪರಾಧವಲ್ಲ ಎಂದು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಹೇಳಿದಾಗಲೇ ಅವರು ಹಾಸಿಗೆ ಹಿಡಿದರು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಹೆಸರೂ ಅಳಿಸಿಹೋಯಿತು. ತಾವು ಮಾತ್ರ ಸೂತಕವನ್ನೂ ಹಿಡಿಯದೆ ಡ್ಯೂಟಿಯಲ್ಲೇ ಇದ್ದೀರಿ. ‘ಕ್ರೂರ, ಅಸಭ್ಯ ಅಥವಾ ಅಸ್ವಾಭಾವಿಕ’ ನಡತೆಗೆ ಏಳು ವರ್ಷದವರೆಗೆ ಜೈಲು. ಭೇಷ್.

ಪತ್ರ ಬರೆಯುವ ಉಮೇದು ಹತ್ತಿದ್ದು ಮೊನ್ನೆ, ಮಾಜಿ ಸೈನಿಕರ ಒಂದು ದವಾಖಾನೆಯ ಬೆಂಚಿನ ಮೇಲೆ. ಬಿಪಿ ಮಾತ್ರೆಗೆಂದು ಬೆಳಗ್ಗೆಯಿಂದ ಟೋಕನ್ ಹಿಡಿದು ಕೂತಿದ್ದೆ. ಸರ್ವರ್ ಡೌನ್. ಊಟದ ಹೊತ್ತಿಗೆ ಸರ್ವರ್ ಎದ್ದಿತು, ಮಾತ್ರೆ ಸ್ಟಾಕ್ ಇಲ್ಲ ಎಂದಿತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಸುಬೇದಾರ್ ಮೇಜರ್ ಸಾಹೇಬರು ಪೇಪರ್ ಮಡಚಿ, “ಅಂಥೋರನ್ನ ಫೌಜಿಗೆ ಬಿಟ್ರೆ ಶಿಸ್ತು ಹಾಳಾಗತ್ತೆ ಕಣಯ್ಯಾ, ಅವೆಲ್ಲಾ ಫಾರಿನ್‌ನೋರ ಚಾಳಿ” ಎಂದು ಪಾಠ ಶುರುಮಾಡಿದರು. ಬೆಂಚಿಗೆ ಬೆಂಚೇ ತಲೆಯಾಡಿಸಿತು. ಮಾತ್ರೆ ಸಿಗಲಿಲ್ಲ, ಬಿಪಿ ಮಾತ್ರ ಏರಿತು.

ಅವರದ್ದೇನೂ ಹೊಸ ಮಾತಲ್ಲ. 2019ರ ಜನವರಿಯಲ್ಲಿ, ಸೇನಾ ದಿನಕ್ಕೆ ಮುಂಚಿನ ಪತ್ರಿಕಾಗೋಷ್ಠಿಯಲ್ಲಿ, ಆಗಿನ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅವರೂ ಇದನ್ನೇ ಹೇಳಿದ್ದರು: ಸೇನೆಯಲ್ಲಿ ಇದಕ್ಕೆಲ್ಲ ಒಪ್ಪಿಗೆಯಿಲ್ಲ, ನಮ್ಮದು ಸಂಪ್ರದಾಯಸ್ಥ ಸೇನೆ, ನಾವು ಪಾಶ್ಚಾತ್ಯರಂತೆ ಆಗಿಲ್ಲ.

ಸರಿ, ಪಾಶ್ಚಾತ್ಯರಲ್ಲ. ಆಫೀಸರ್ಸ್ ಮೆಸ್ಸಿನಲ್ಲಿ ಫೋರ್ಕು ಎಡಗೈಗೆ ಬರದಿದ್ದರೆ ಹುಬ್ಬು ಮೇಲೇರುತ್ತದೆ, ಆದರೂ ಪಾಶ್ಚಾತ್ಯರಲ್ಲ. ಪರೇಡಿಗೆ ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್, ಚಳಿಗೆ ರಮ್ಮು, ಆದರೂ ಪಾಶ್ಚಾತ್ಯರಲ್ಲ. ಖುದ್ದು ತಾವು 1911ರ ಇಂಡಿಯನ್ ಆರ್ಮಿ ಆಕ್ಟ್‌ನ ವಾರಸುದಾರರು, ಶುದ್ಧ ಸ್ವದೇಶಿ! ಆ ಬ್ರಿಟಿಷರೇ 2000ದ ಜನವರಿಯಲ್ಲಿ ತಮ್ಮ ಸೇನೆಯಲ್ಲಿ ಸಲಿಂಗಿಗಳ ಮೇಲಿದ್ದ ನಿಷೇಧವನ್ನು ಕಿತ್ತೊಗೆದರು. ಹಾಗೆ ಹೊರದಬ್ಬಿಸಿಕೊಂಡ ಹಳೆಯ ಸೈನಿಕರ ಕ್ಷಮೆಯನ್ನು 2023ರಲ್ಲಿ ಪ್ರಧಾನಿ ರಿಷಿ ಸುನಕ್ ಸಂಸತ್ತಿನಲ್ಲಿ ನಿಂತು ಕೇಳಿದರು. ಅಮೆರಿಕದವರು 2011ರಲ್ಲಿ ಬಾಗಿಲು ತೆರೆದರು. ಅವರ ಫೌಜುಗಳು ಇನ್ನೂ ಎದ್ದು ನಿಂತೇ ಇವೆ.

2022ರ ಜನವರಿ ನೆನಪಿದೆಯೇ? ಬೀಟಿಂಗ್ ರಿಟ್ರೀಟ್ ಸಮಾರಂಭದಿಂದ ‘ಅಬೈಡ್ ವಿತ್ ಮಿ’ ಹಾಡನ್ನು ತೆಗೆದರು. ಅದೇ ತಿಂಗಳು ನಿರ್ದೇಶಕ ಓನಿರ್ ಅವರ ಚಿತ್ರಕಥೆಗೆ ರಕ್ಷಣಾ ಸಚಿವಾಲಯ ಒಪ್ಪಿಗೆ ನಿರಾಕರಿಸಿತು. ಕಾಶ್ಮೀರದಲ್ಲಿ ಸೈನಿಕನೊಬ್ಬ ಅಲ್ಲಿನ ಹುಡುಗನನ್ನು ಪ್ರೀತಿಸುವ ಕಥೆ ಅದು. ಸೇನೆ ಬಿಟ್ಟ ಮೇಲೆ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿದ ಮೇಜರ್ ಜೆ. ಸುರೇಶ್ ಅವರಿಂದ ಪ್ರೇರಣೆ ಪಡೆದದ್ದು. ಇಂಗ್ಲಿಷರ ಹಾಡು ಹೋಯಿತು, ಇಂಗ್ಲಿಷರ ಸೆಕ್ಷನ್ನು ಉಳಿಯಿತು. ಪಾಶ್ಚಾತ್ಯರಲ್ಲ, ಸಾಹೇಬರೇ!

ಸಿನಿಮಾ ಹಾಳಾಗಲಿ. ನನ್ನ ಸಿಟ್ಟು ಬೇರೆಯೇ ಇದೆ.

ನಮ್ಮ ಯೂನಿಟ್ಟಿನಲ್ಲಿ ಹಾಸನದ ಕಡೆಯ ಒಬ್ಬ ಆಪರೇಟರ್ ಇದ್ದ. ಎಂಥ ಗಾಳಿ ಮಳೆಯಲ್ಲೂ ಸೆಟ್ ಹಿಡಿದು ಸಂದೇಶ ಮುಟ್ಟಿಸುವವನು. ಅವನ ತಾಯಿ ಪ್ರತಿ ಕಾಗದದ ಜೊತೆ ಒಂದು ಹುಡುಗಿಯ ಫೋಟೊ ಕಳಿಸುತ್ತಿದ್ದರು. ಮಿಲಿಟರಿ ಹುಡುಗ, ಕಾಯಂ ಸಂಬಳ, ಹೆಣ್ಣು ಕೊಡುವವರಿಗೇನು ಬರ? ಅವನು ಫೋಟೊಗಳನ್ನೆಲ್ಲ ಮಗುಚಿ ಟ್ರಂಕಿನ ತಳಕ್ಕೆ ಹಾಕಿ ಮೇಲೆ ಉಣ್ಣೆ ಸಾಕ್ಸ್ ಒಟ್ಟುತ್ತಿದ್ದ. ಕಾರಣವನ್ನು ಒಂದು ರಾತ್ರಿ ಡ್ಯೂಟಿಯಲ್ಲಿ ಹೇಳಿದ. ಹೇಳಿ, “ಅಣ್ಣಾ, ಯಾರಿಗೂ ಬೇಡ” ಎಂದ. ಮುಂದಿನ ರಜೆಯಲ್ಲಿ ಅವನ ಮದುವೆಯಾಯಿತು.

ಆ ಹುಡುಗಿ ಅತ್ತೆಮನೆಯಲ್ಲಿ ಉಳಿದಳು. ವರ್ಷಗಳು ಕಳೆದರೂ ಮಗುವಾಗಲಿಲ್ಲ. ಅರಳಿಕಟ್ಟೆ ಸುತ್ತಿಸಿದರು, ಹರಕೆ ಹೊರಿಸಿದರು, ಒದ್ದೆ ಬಟ್ಟೆಯಲ್ಲಿ ಉರುಳುಸೇವೆ ಮಾಡಿಸಿದರು. ಜೋಯಿಸರು ನಾಗದೋಷ ಎಂದರು, ನಾಗಪ್ರತಿಷ್ಠೆಯೂ ಆಯಿತು. ಕೊನೆಗೆ ಬಂಜೆ ಎಂಬ ಬಿರುದು ಹೊತ್ತು ಅವಳು ತವರಿಗೆ ಹೋದಳು. ದೋಷ ನಾಗಪ್ಪನದ್ದಲ್ಲ, ಸಾಹೇಬರೇ. ತಮ್ಮದು.

ಮದುವೆಯಾಗು ಎಂಬ ಕಾಟ ಎಲ್ಲ ಮನೆಯಲ್ಲೂ ಇದೆ, ಗೊತ್ತು. ಆದರೆ ಊರಲ್ಲಿ ಬೇಕರಿ ಇಟ್ಟವನು ಒಲ್ಲೆ ಎಂದರೆ ನಾಲ್ಕು ದಿನ ಬೈಸಿಕೊಂಡಾನು, ಐದನೇ ದಿನ ಅಂಗಡಿ ತೆಗೆದಾನು. ಇವನ ಸುದ್ದಿ ಯೂನಿಟ್ಟಿಗೆ ಮುಟ್ಟಿದರೆ ಕೋರ್ಟ್ ಮಾರ್ಷಲ್, ಮರ್ಯಾದೆ ಮಣ್ಣುಪಾಲು, ಪಿಂಚಣಿಗೂ ಕುತ್ತು. ಅವನು ತಾಳಿಯ ಹಿಂದೆ ಅಡಗಿದ. ಅಡಗುವುದಕ್ಕೆ ಅವಳ ಆಯುಷ್ಯವೇ ಬೇಕಾಯಿತು. ಇಂಥ ಹೆಣ್ಣುಮಕ್ಕಳು ಎಷ್ಟು ಊರುಗಳಲ್ಲಿದ್ದಾರೆ? ಅವರ ಲೆಕ್ಕ ಯಾವ ಹೆಡ್‌ಕ್ವಾರ್ಟರ್ಸ್ ಇಟ್ಟಿದೆ? ಸಲಿಂಗಿಗಳನ್ನು ಸೇನೆಗೆ ಸೇರಿಸಿಕೊಳ್ಳುವುದೋ ಬೇಡವೋ ಎಂದು ಚರ್ಚೆ ಮಾಡುತ್ತೀರಲ್ಲ, ಅವರು ಯಾವತ್ತೋ ಸೇರಿಯಾಗಿದೆ, ಸ್ವಾಮಿ! ನಿಮ್ಮ ಸೆಂಟ್ರಿ ಡ್ಯೂಟಿ ಮಾಡುತ್ತಿದ್ದಾರೆ, ನಿಮ್ಮ ಸೆಟ್ ಹೊರುತ್ತಿದ್ದಾರೆ. ತಾವು ಯಾರನ್ನೂ ತಡೆದಿಲ್ಲ. ಇದ್ದವರಿಗೆ ಸುಳ್ಳು ಕಲಿಸಿದ್ದೀರಿ, ಅಷ್ಟೇ.

ಬ್ಯಾರಕ್ಕಿನಲ್ಲಿ ಒಬ್ಬರಿಗೊಬ್ಬರು ತೊಂದರೆ ಕೊಟ್ಟರೆ? ಕೊಟ್ಟವನನ್ನು ಹಿಡಿದು ಒಳಗೆ ಹಾಕಿ, ಅವನು ಯಾರೇ ಆಗಿರಲಿ. ‘ಕ್ರೂರ’ ಎಂಬ ಪದ ತಮ್ಮಲ್ಲೇ ಇದೆಯಲ್ಲ, ಅದನ್ನು ಇಟ್ಟುಕೊಳ್ಳಿ. ‘ಅಸ್ವಾಭಾವಿಕ’ವನ್ನು ಸಂಸತ್ತು ಹೊಡೆದುಹಾಕಲಿ. ಸೈನಿಕರ ಹಕ್ಕು ಮೊಟಕು ಮಾಡುವ ಅಧಿಕಾರವನ್ನು ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಕೊಟ್ಟಿದೆ, ನಿಜ. ಮಾಡಲೇಬೇಕು ಎಂದು ಕಟ್ಟಪ್ಪಣೆ ಹೊರಡಿಸಿಲ್ಲ.

ಇನ್ನು ತಮ್ಮ ವಿಚಾರ. ನನ್ನಂಥ ಹವಾಲ್ದಾರನನ್ನು ಐವತ್ತು ತುಂಬುವ ಮೊದಲೇ ಮನೆಗೆ ಕಳಿಸಿದ ಸೇನೆಯಲ್ಲಿ ತಮಗೆ 75 ದಾಟಿದರೂ ಎಕ್ಸ್‌ಟೆನ್ಷನ್ ಮೇಲೆ ಎಕ್ಸ್‌ಟೆನ್ಷನ್. ಸಾಕು, ಪೇಪರ್ ಹಾಕಿ. ಪಿಂಚಣಿ ಫಾರಂ ತುಂಬಲು ತೊಡಕಾದರೆ ಹೇಳಿ ಕಳಿಸಿ, ತುಂಬಿಕೊಡುತ್ತೇನೆ. ಸರ್ವರ್‌ಗೆ ಮಾತ್ರ ನಾನು ಜವಾಬ್ದಾರನಲ್ಲ.

ಜೈ ಹಿಂದ್.

ಇಂತಿ,
ಬಿಪಿ ಮಾತ್ರೆ ಇನ್ನೂ ಸಿಗದ ಒಬ್ಬ ಮಾಜಿ ಹವಾಲ್ದಾರ್