ಕ್ವಿಲ್ಟಮ್ಮನ ಅರೆಬರೆ ಸಂಸಾರ

ಅಮೆರಿಕದ ಒಹಾಯೊ, ಅಯೊವಾ, ನೆಬ್ರಾಸ್ಕದ ಸೀಮೆಯ ಯಾವುದೇ ಸಣ್ಣ ಊರಿಗೆ ಹೋದರೂ ಒಬ್ಬ ಕ್ವಿಲ್ಟಮ್ಮ ಸಿಗುತ್ತಾಳೆ. ದಾಖಲೆಯಲ್ಲಿ ಆಕೆಗೆ ಬೇರೆ ಹೆಸರಿರುತ್ತದೆ. ಅದು ನಮಗೆ ಬೇಡ. ಅರವತ್ತು ದಾಟಿದವಳು, ಶಾಲೆಯಲ್ಲೋ ಬ್ಯಾಂಕಿನಲ್ಲೋ ದುಡಿದು ನಿವೃತ್ತಳಾದವಳು, ಸ್ವೆಟರಿನ ಮೇಲೆ ಎಲ್ಲಾದರೊಂದು ಕಡೆ ದಾರದ ಚೂರು ಅಂಟಿಸಿಕೊಂಡೇ ಓಡಾಡುವವಳು. ಮಕ್ಕಳು ದೂರದ ಊರು ಸೇರಿದ ಮೇಲೆ ತೆರವಾದ ಕೋಣೆಗೆ ಮೊದಲು ಹೊಲಿಗೆ ಯಂತ್ರ ಬಂತು, ಅದರ ಹಿಂದೆ ಬಟ್ಟೆ ಬಂತು, ಬಟ್ಟೆಯ ಹಿಂದೆ ಕಪಾಟುಗಳು ಬಂದವು. ಈಗ ಮಕ್ಕಳು ರಜೆಗೆ ಬಂದರೆ ಹೋಟೆಲಿನಲ್ಲಿ ಇಳಿದುಕೊಳ್ಳುತ್ತಾರೆ.

ಕ್ವಿಲ್ಟ್ ಎಂದರೆ ಮೂರು ಪದರದ ಹೊದಿಕೆ. ಮೇಲೆ ತುಂಡು ಬಟ್ಟೆ ಕೂಡಿಸಿದ ಚಿತ್ತಾರ, ನಡುವೆ ಹತ್ತಿಯ ಹಾಸು, ಅಡಿಯಲ್ಲಿ ಅಸ್ತರಿನಂಥ ಬಟ್ಟೆ. ಮೂರನ್ನೂ ಸೇರಿಸಿ ಹೊಲಿದು, ಸುತ್ತ ಅಂಚುಪಟ್ಟಿ ಕಟ್ಟಿದರೆ ಮುಗಿಯಿತು. ಈ ಮುಗಿಯುವ ಜಾಗದಲ್ಲೇ ಕ್ವಿಲ್ಟಮ್ಮನಿಗೆ ಕಷ್ಟ. ಬಣ್ಣ ಹೊಂದಿಸಿ, ಕತ್ತರಿಸಿ, ಮೇಲ್ಪದರ ಕೂಡಿಸುವುದು ಹಬ್ಬ. ಆಮೇಲಿನದೆಲ್ಲ ಬರೀ ಕೆಲಸ. ಮೂರು ಪದರವನ್ನು ನೆಲದ ಮೇಲೆ ಹಾಸಿ ಸುಕ್ಕು ತೆಗೆಯಲು ಮೊಣಕಾಲೂರಬೇಕು, ಅರವತ್ತೈದರ ಮೊಣಕಾಲು ಒಮ್ಮೆ ಊರಿದರೆ ಮತ್ತೆ ಏಳಲು ತಕರಾರು ಮಾಡುತ್ತದೆ. ಲಾಂಗ್ ಆರ್ಮ್ ಎಂಬ ಭಾರಿ ಯಂತ್ರ ಇಟ್ಟುಕೊಂಡವರು ಹೊಲಿದುಕೊಡುತ್ತಾರೆ ನಿಜ. ಆದರೆ ಅವರಿಗೆ ನೂರಾರು ಡಾಲರ್ ಎಣಿಸಿ, ಸರದಿಗಾಗಿ ಕಾಯಬೇಕು. ಅಷ್ಟರಲ್ಲಿ ಅಂಗಡಿಗೆ ಹೊಸ ಬಟ್ಟೆ ಬಂದಿರುತ್ತದೆ.

ಅರ್ಧಕ್ಕೆ ನಿಂತ ಇಂಥ ಹೊದಿಕೆಯನ್ನು ಕ್ವಿಲ್ಟ್ ಲೋಕದಲ್ಲಿ ಯುಎಫ್‌ಓ ಅನ್ನುತ್ತಾರೆ, ಅನ್‌ಫಿನಿಶ್ಡ್ ಆಬ್ಜೆಕ್ಟ್. ಇದು ಆಕಾಶದಿಂದ ಇಳಿಯುವುದಿಲ್ಲ. ಕಪಾಟಿನ ಬಾಗಿಲು ತೆಗೆದವರ ತಲೆಯ ಮೇಲೆ ಬೀಳುತ್ತದೆ. ಇವು ಹತ್ತಾರು ಕೂಡಿದವಳಿಗೆ ಪಿಎಚ್‌ಡಿ ಆಗಿದೆ ಎಂದು ಅರ್ಥ: ಪ್ರಾಜೆಕ್ಟ್ಸ್ ಹಾಫ್ ಡನ್. ಕೂಡಿಟ್ಟ ಬಟ್ಟೆಯ ರಾಶಿಗೆ ಸ್ಟ್ಯಾಶ್. ಉಳಿದ ಆಯುಷ್ಯವೆಲ್ಲ ಕೂತು ಹೊಲಿದರೂ ತೀರದಷ್ಟು ಆ ರಾಶಿ ಬೆಳೆದರೆ ಅದಕ್ಕೊಂದು ಬೇರೆಯೇ ಬಿರುದು, ಸೇಬಲ್. ತಮ್ಮ ಕಾಯಿಲೆಗೆ ತಾವೇ ಇಷ್ಟು ಮುದ್ದಿನ ಹೆಸರಿಟ್ಟುಕೊಂಡ ರೋಗಿಗಳು ಬೇರೆಲ್ಲೂ ಸಿಗಲಾರರು.

ಕಪಾಟಿನೊಳಗೆ ಇಣುಕೋಣ. ಕೆಳಗಿನ ಅರೆಯಲ್ಲಿ ಮಗಳ ಮದುವೆಗೆಂದು ಹಿಡಿದ ‘ಡಬಲ್ ವೆಡ್ಡಿಂಗ್ ರಿಂಗ್’ ಇದೆ. ಒಂದರೊಳಗೊಂದು ಹೆಣೆದ ಉಂಗುರಗಳ ವಿನ್ಯಾಸ, ಎಲ್ಲವೂ ಬಾಗು ಹೊಲಿಗೆ, ಪಳಗಿದ ಕೈಯನ್ನೂ ಅಳಿಸುವಂಥದ್ದು. ಕಾಲುಭಾಗ ಉಂಗುರ ಆಗುವಷ್ಟರಲ್ಲಿ ಮಗಳಿಗೆ ಮಗುವಾಯಿತು, ಅರ್ಧ ಆಗುವಷ್ಟರಲ್ಲಿ ವಿಚ್ಛೇದನವೂ ಆಯಿತು. ಈಗ ಅದನ್ನು ಮುಗಿಸಿ ಕೊಡುವುದು ಮರ್ಯಾದೆಯೋ ಅಲ್ಲವೋ ಎಂಬುದು ಕ್ವಿಲ್ಟಮ್ಮನಿಗೆ ಬಗೆಹರಿದಿಲ್ಲ. ಅದರ ಮೇಲಿರುವುದು ಮೊಮ್ಮಗನ ತೊಟ್ಟಿಲಿನದು. ಮೊಮ್ಮಗ ಈಗ ಗಡ್ಡ ಬೋಳಿಸಿಕೊಳ್ಳುತ್ತಾನೆ. ಇನ್ನೂ ಮೇಲೆ ‘ಅಜ್ಜಿಯ ಹೂದೋಟ’. ಆರು ಮೂಲೆಯ ಪುಟ್ಟ ಪುಟ್ಟ ತುಂಡುಗಳನ್ನು ಕೈಯಲ್ಲೇ ಕೂಡಿಸಬೇಕಾದ ಈ ತೋಟದಲ್ಲಿ ಒಂದು ಪಾತಿ ಮಾತ್ರ ಅರಳಿದೆ. ಪಕ್ಕದಲ್ಲಿ ‘ಕುಡುಕನ ದಾರಿ’, ಹೆಸರಿಗೆ ತಕ್ಕಂತೆ ಮನೆ ಮುಟ್ಟಿಲ್ಲ. ಇತಿಹಾಸಕಾರ್ತಿ ಬಾರ್ಬರಾ ಬ್ರ್ಯಾಕ್‌ಮನ್ ತುಂಡು ಕೂಡಿಸುವ ಕ್ವಿಲ್ಟ್ ವಿನ್ಯಾಸಗಳ ವಿಶ್ವಕೋಶವನ್ನೇ ಮಾಡಿದ್ದಾರೆ, ಅದರಲ್ಲಿ 4000ಕ್ಕೂ ಹೆಚ್ಚು ವಿನ್ಯಾಸಗಳಿವೆ. ಎಲ್ಲವನ್ನೂ ಒಂದೊಂದು ಸಲ ಶುರು ಮಾಡಿಬಿಡಬೇಕೆಂಬುದು ಕ್ವಿಲ್ಟಮ್ಮನ ಹಂಬಲ.

ಇದಕ್ಕೆ ಗಿಲ್ಡ್‌ನ ಕುಮ್ಮಕ್ಕೂ ಇದೆ. ಗಿಲ್ಡ್ ಎಂದರೆ ತಿಂಗಳಿಗೊಮ್ಮೆ ಸೇರುವ ಕ್ವಿಲ್ಟ್ ಸಂಘ. ಸಭೆಯ ಕೊನೆಗೆ ‘ಶೋ ಅಂಡ್ ಟೆಲ್’: ಹೊಲಿದದ್ದನ್ನು ಇಬ್ಬರು ಎತ್ತಿ ಹಿಡಿಯುತ್ತಾರೆ, ಮಿಕ್ಕವರು ಉದ್ಗಾರ ತೆಗೆದು ಚಪ್ಪಾಳೆ ತಟ್ಟುತ್ತಾರೆ. ಬರೀ ಮೇಲ್ಪದರ ತಂದವಳಿಗೂ ಅಷ್ಟೇ ಚಪ್ಪಾಳೆ, ಅಂಚು ಕಟ್ಟಿ ತಂದವಳಿಗೂ ಅಷ್ಟೇ ಚಪ್ಪಾಳೆ. ಹೀಗಿರುವಾಗ ಅಂಚು ಕಟ್ಟುವ ಮೂರ್ಖತನ ಯಾರಿಗೆ ಬೇಕು?

ಇಂಥ ಹೆಂಗಸಿಗೆ ದಾನದ ಬ್ಲಾಕ್ ಎಂಬುದು ದೇವರೇ ತೋರಿಸಿದ ದಾರಿ. ಬ್ಲಾಕ್ ಎಂದರೆ ಕ್ವಿಲ್ಟಿನ ಒಂದು ಚೌಕ. ಸಾಮಾನ್ಯವಾಗಿ ಹನ್ನೆರಡೂವರೆ ಇಂಚು. ಅಕ್ಕಪಕ್ಕದ ಚೌಕಕ್ಕೆ ಸೇರಿದ ಮೇಲೆ ಹನ್ನೆರಡು. ಎಲ್ಲೋ ಬೆಂಕಿ ಬಿತ್ತು, ಸುಂಟರಗಾಳಿ ಎದ್ದಿತು, ಆಸ್ಪತ್ರೆಯ ಮಕ್ಕಳಿಗೆ ಹೊದಿಕೆ ಬೇಕಾಯಿತು ಎಂದು ಗಿಲ್ಡ್ ಕರೆ ಕೊಡುತ್ತದೆ. ಕ್ವಿಲ್ಟಮ್ಮ ಒಂದು ಸಂಜೆಯಲ್ಲಿ ಚೌಕ ಹೊಲಿದು, ಲಕೋಟೆಗೆ ಹಾಕಿ, ಅಂಚೆಗೆ ಕೊಡುತ್ತಾಳೆ. ಹಾಸು ಹಾಸುವುದಿಲ್ಲ, ಮೊಣಕಾಲೂರುವುದಿಲ್ಲ, ಅಂಚು ಕಟ್ಟುವುದಿಲ್ಲ. ಪುಣ್ಯ ಆಕೆಗೆ, ಪದರ ಕೂಡಿಸುವ ಪಾಡು ಇನ್ಯಾರಿಗೋ. ‘ಡಬಲ್ ವೆಡ್ಡಿಂಗ್ ರಿಂಗ್ ಏನಾಯಿತು?’ ಎಂದು ಗಂಡ ಕೇಳಿದರೆ, ‘ಪಾಪ, ಅಲ್ಲಿ ಜನ ಮನೆಮಠ ಕಳೆದುಕೊಂಡಿದ್ದಾರೆ’ ಎಂಬ ಉತ್ತರ ಸಿದ್ಧವಿದೆ. ಆತ ಮತ್ತೆ ಬಾಯಿ ತೆರೆದರೆ ಕಟುಕನಾಗುತ್ತಾನೆ.

ನಗುವುದು ಸುಲಭ. ಆದರೆ ಈ ಹುಚ್ಚಿನ ಹಿಂದೆ ದೊಡ್ಡ ಚರಿತ್ರೆಯಿದೆ. ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 65ರವರೆಗೆ, ಉತ್ತರದ ಹೆಂಗಸರು ಸ್ಯಾನಿಟರಿ ಕಮಿಷನ್ ಎಂಬ ಪರಿಹಾರ ಸಂಸ್ಥೆಯ ಮೂಲಕ ಗಾಯಾಳು ಸೈನಿಕರ ಮಂಚಗಳಿಗೆ ರಾಶಿ ರಾಶಿ ಕ್ವಿಲ್ಟ್ ಕಳಿಸಿದರು. ಅವೆಲ್ಲ ಬಳಕೆಯಲ್ಲೇ ಸವೆದುಹೋಗಿ, ಈಗ ಉಳಿದಿರುವುದು ಬೆರಳೆಣಿಕೆಯಷ್ಟು. ಮೊದಲ ಮಹಾಯುದ್ಧ ಬಂದಾಗ, 1917ರ ಡಿಸೆಂಬರಿನಲ್ಲಿ ‘ಮಾಡರ್ನ್ ಪ್ರಿಸಿಲ್ಲಾ’ ಎಂಬ ಮಹಿಳಾ ಪತ್ರಿಕೆ ಒಂದು ಉಪಾಯ ಹೇಳಿಕೊಟ್ಟಿತು: ಕ್ವಿಲ್ಟಿನ ಮೇಲೆ ಹೆಸರು ಬರೆಸಿಕೊಳ್ಳುವವರಿಂದ ಕಾಸು ತೆಗೆದುಕೊಳ್ಳಿ, ಹೀಗೆ ಒಂದೇ ಕ್ವಿಲ್ಟಿನಿಂದ ರೆಡ್‌ಕ್ರಾಸ್‌ಗೆ 1000 ಡಾಲರ್ ಎತ್ತಬಹುದು. ಉಪಾಯ ಫಲಿಸಿ ಊರೂರಲ್ಲೂ ಹೆಸರಿನ ಕ್ವಿಲ್ಟುಗಳು ಎದ್ದವು. ನಮ್ಮ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ಬೆಳಕಿಗೂ ಜಾಗ ಬಿಡದೆ ಹೆಸರು ಬರೆಸುವ ದಾನಿಗಳಿಗೆ ಈ ಉಪಾಯದ ಮರ್ಮ ವಿವರಿಸಬೇಕಾಗಿಲ್ಲ.

ಹೆಸರೇ ಎಲ್ಲವೂ ಆದ ಇನ್ನೊಂದು ಕ್ವಿಲ್ಟ್ ಇದೆ, ಅದರ ಮುಂದೆ ಹಾಸ್ಯ ನಿಲ್ಲುವುದಿಲ್ಲ. ಏಡ್ಸ್‌ನಿಂದ ಸತ್ತವರ ಹೆಸರು ಹೇಳಲೂ ಜನ ಅಂಜುತ್ತಿದ್ದ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಲೀವ್ ಜೋನ್ಸ್ ಗೆಳೆಯನ ನೆನಪಿಗೆ ಒಂದು ಫಲಕ ಮಾಡಿದರು. ಅಳತೆ ಮೂರಡಿ, ಆರಡಿ. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್‌ನಲ್ಲಿ ಹಾಸಿದಾಗ ಅಂಥ ಫಲಕಗಳು 1920 ಇದ್ದವು. ಎಂಟೆಂಟನ್ನು ಸೇರಿಸಿ ಹನ್ನೆರಡಡಿಯ ಚೌಕ ಮಾಡುತ್ತಾರೆ. ಈಗ ಫಲಕಗಳು 50,000ದ ಹತ್ತಿರ, ತೂಕ 54 ಟನ್. ಹೊಲಿಯಲು ಬಾರದ ತಾಯಂದಿರೂ ಅದಕ್ಕೆ ಹೊಲಿದಿದ್ದಾರೆ.

ಕ್ವಿಲ್ಟಮ್ಮ ನಿತ್ಯ ವ್ಯವಹಾರ ಇಟ್ಟುಕೊಂಡಿರುವ ಸಂಸ್ಥೆಗಳು ಎರಡು. 1995ರ ಕ್ರಿಸ್‌ಮಸ್ ಮುನ್ನಾದಿನ ಕೊಲರಾಡೋದ ಕ್ಯಾರನ್ ಲೌಕ್ಸ್, ರಕ್ತದ ಕ್ಯಾನ್ಸರಿನ ಚಿಕಿತ್ಸೆಯ ದಿನಗಳಲ್ಲಿ ತನ್ನ ಪುಟ್ಟ ಹೊದಿಕೆಯನ್ನೇ ನೆಚ್ಚಿಕೊಂಡಿದ್ದ ಮಗುವೊಂದರ ಲೇಖನ ಓದಿ ಶುರು ಮಾಡಿದ್ದು ಪ್ರಾಜೆಕ್ಟ್ ಲೈನಸ್. ಹೆಸರು ಬಂದದ್ದು ‘ಪೀನಟ್ಸ್’ ಚಿತ್ರಕಥೆಯಲ್ಲಿ ಸದಾ ಹೊದಿಕೆ ಎಳೆದುಕೊಂಡು ಓಡಾಡುವ ಹುಡುಗನಿಂದ. ಇನ್ನೊಂದು ಕ್ವಿಲ್ಟ್ಸ್ ಆಫ್ ವೇಲರ್. ಮಗ ಇರಾಕ್ ಯುದ್ಧದಲ್ಲಿದ್ದಾಗ, 2003ರಲ್ಲಿ, ಡೆಲವೇರ್‌ನ ಕ್ಯಾಥರೀನ್ ರಾಬರ್ಟ್ಸ್ ಕಟ್ಟಿದ್ದು; ಇದುವರೆಗೆ ಮೂರು ಲಕ್ಷಕ್ಕೂ ಮೀರಿ ಸೈನಿಕರನ್ನು, ಮಾಜಿ ಸೈನಿಕರನ್ನು ತಲುಪಿದೆ. ಎರಡಕ್ಕೂ ಕಟ್ಟುನಿಟ್ಟುಗಳಿವೆ. ಸೈನಿಕನದು 55ಕ್ಕೆ 65 ಇಂಚಿಗಿಂತ ಕಿರಿದಾಗಬಾರದು, 72ಕ್ಕೆ 90ನ್ನು ಮೀರಬಾರದು. ಮಗುವಿನದಕ್ಕೆ ಸಿಗರೇಟಿನ ವಾಸನೆ ತಾಗಿರಬಾರದು, ಸಾಕುಪ್ರಾಣಿಯ ರೋಮ ಇರಬಾರದು. ಈ ಎರಡನೆಯ ನಿಯಮವನ್ನು ಕ್ವಿಲ್ಟಮ್ಮ ಪ್ರತಿ ಸಲವೂ ತನ್ನ ಬೆಕ್ಕಿಗೆ ಓದಿ ಹೇಳುತ್ತಾಳೆ. ಬೆಕ್ಕು ಇಸ್ತ್ರಿ ಮಾಡಿಟ್ಟ ಬ್ಲಾಕಿನ ಮೇಲೆ ಮಲಗಿಕೊಂಡೇ ಕೇಳಿಸಿಕೊಳ್ಳುತ್ತದೆ.

ಹಾಗಾದರೆ ಇಷ್ಟೆಲ್ಲ ಚೌಕಗಳನ್ನು ಹೊದಿಕೆ ಮಾಡುವವರು ಯಾರು? ಪ್ರತಿ ಗಿಲ್ಡ್‌ನಲ್ಲೂ ಮೂಲೆಯಲ್ಲಿ ಕೂರುವ ಒಬ್ಬಳು ಇರುತ್ತಾಳೆ, ನನ್ನ ಲೆಕ್ಕದಲ್ಲಿ ಹಾರ ಹಾಕಬೇಕಾದವಳು ಆಕೆ. ಬಂದ ಲಕೋಟೆಗಳನ್ನು ಒಡೆದು, ಪ್ರತಿ ಚೌಕಕ್ಕೂ ಸ್ಕೇಲು ಹಿಡಿಯುವವಳು. ಹನ್ನೆರಡೂವರೆ ಕೇಳಿದ ಕಡೆ ಹನ್ನೆರಡು ಬಂದಿರುತ್ತದೆ, ಹದಿಮೂರೂ ಬಂದಿರುತ್ತದೆ. ಎರಡು ತುಂಡು ಕೂಡುವಲ್ಲಿ ಕಾಲಿಂಚು ಬಿಡಬೇಕೆಂಬುದು ಕ್ವಿಲ್ಟಿನ ಧರ್ಮ. ಹೊಲಿಗೆ ಇಂಚಿನ ಹದಿನಾರನೇ ಒಂದರಷ್ಟು ಒಳಗೆ ಸರಿದರೆ, ಎರಡೂ ತುಂಡು ಸೇರಿ ಎಂಟನೇ ಒಂದು ಇಂಚು ನುಂಗಿತು. ಅಡ್ಡಕ್ಕೆ ಅಂಥ ನಾಲ್ಕು ಹೊಲಿಗೆ ಬಂದರೆ ಅರ್ಧ ಇಂಚು ಮಾಯ. ಕಳಿಸಿದವಳಿಗೆ ಅದು ಪ್ರೀತಿ. ಅಳೆಯುವವಳಿಗೆ ಬಿಚ್ಚಿ ಹೊಲಿಯುವ ಕೆಲಸ. 2016ರಲ್ಲಿ ಒರ್ಲ್ಯಾಂಡೋದ ನೈಟ್‌ಕ್ಲಬ್ಬಿನಲ್ಲಿ 49 ಜನ ಗುಂಡಿಗೆ ಬಲಿಯಾದಾಗ ಅಲ್ಲಿನ ಮಾಡರ್ನ್ ಕ್ವಿಲ್ಟ್ ಗಿಲ್ಡ್ ಹೃದಯದ ಚಿತ್ತಾರದ ಬ್ಲಾಕ್ ಕೇಳಿತು. ದೇಶ ವಿದೇಶಗಳಿಂದ ರಾಶಿ ಬಂದು ಬಿತ್ತು. ಹೃದಯ ಕಳಿಸಿದವರು ಬೇಗ ನಿರಾಳವಾದರು. ಅವನ್ನೆಲ್ಲ ಜೋಡಿಸಿ, ಹಾಸಿ, ಅಂಚು ಕಟ್ಟಿದವರು ಎಷ್ಟು ರಾತ್ರಿ ಕೂತಿರಬೇಕು ಎಂಬುದನ್ನು ಶೋ ಅಂಡ್ ಟೆಲ್‌ನಲ್ಲಿ ಯಾರೂ ಕೇಳುವುದಿಲ್ಲ.

ಮುಗಿಸುವುದೇ ವ್ರತವಾದ ಇನ್ನೊಂದು ಪಂಗಡ ಚರ್ಚಿನ ನೆಲಮಾಳಿಗೆಯಲ್ಲಿದೆ. ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆಯ ಲೂಥರನ್ ಹೆಂಗಸರು ಲೂಥರನ್ ವರ್ಲ್ಡ್ ರಿಲೀಫ್‌ಗೆ ಹೊಲಿಯುವ ಕ್ವಿಲ್ಟಿನ ಅಳತೆ 60ಕ್ಕೆ 80 ಇಂಚು. ಬಟ್ಟೆ ಹಳೆಯ ಹಾಸಿಗೆ ಚಾದರದ್ದಿರಲಿ, ಪರದೆಯದ್ದಿರಲಿ, ನಡೆಯುತ್ತದೆ. ನಯದ ಹೊಲಿಗೆಯ ಗೊಡವೆಯಿಲ್ಲ. ಅಲ್ಲಲ್ಲಿ ದಾರ ತೂರಿಸಿ ಗಂಟು ಹಾಕುತ್ತಾರೆ, ಕಾಫಿ ಕುಡಿಯುತ್ತಾರೆ, ಇನ್ನೊಂದಕ್ಕೆ ಕೈ ಹಾಕುತ್ತಾರೆ. ಹೀಗೆ ವರ್ಷಕ್ಕೆ ಲಕ್ಷಗಟ್ಟಲೆ ಹೊದಿಕೆಗಳು ನಿರಾಶ್ರಿತರ ಶಿಬಿರಗಳಿಗೆ ಹೋಗುತ್ತವೆ. ಕ್ವಿಲ್ಟಮ್ಮ ಒಂದು ದಿನ ಅಲ್ಲಿಗೂ ಹೋದಳು. ಹಳದಿ ಪರದೆಯ ಪಕ್ಕ ನೇರಳೆ ಚಾದರ ಇಟ್ಟದ್ದನ್ನು ನೋಡಲಾಗದೆ, ಬಣ್ಣ ಬದಲಿಸೋಣವೇ ಎಂದಳು. ಅವರು ನಯವಾಗಿ ಆಕೆಯನ್ನು ಕಾಫಿ ಸೋಸುವ ಕೆಲಸಕ್ಕೆ ಹಾಕಿದರು.

ಆಕೆಯ ಸಂಸಾರಕ್ಕೆ ನಿಜವಾದ ಪೆಟ್ಟು ಬಿದ್ದದ್ದು ಪಕ್ಕದ ಮನೆಯಿಂದ. ಅಲ್ಲಿನ ಕನ್ನಡದ ಹುಡುಗಿಯ ಬಾಣಂತನಕ್ಕೆ ಧಾರವಾಡದಿಂದ ತಾಯಿ ಬಂದರು, ಆರು ತಿಂಗಳಿಗೆ. ಒಂದು ಮಧ್ಯಾಹ್ನ ಮಗಳ ಜೊತೆ ಬಂದ ಆ ಅಜ್ಜಿ ಹೊಲಿಗೆ ಕೋಣೆಯನ್ನು ಸುತ್ತ ನೋಡಿದರು. ಗಜಕ್ಕೆ ಹನ್ನೆರಡು ಡಾಲರಿನ ಬಟ್ಟೆಯನ್ನು ಕ್ವಿಲ್ಟಮ್ಮ ಚಕ್ರಗತ್ತರಿಯಿಂದ ಚಕಚಕನೆ ತುಂಡರಿಸುವುದನ್ನು ಕಂಡು ಮಗಳ ಕಡೆ ತಿರುಗಿದರು: ‘ಅಲ್ಲವಾ, ಅಂಗಡಿಯಿಂದ ಹೊಸಾ ಅರಿವಿ ತಂದು, ತುಂಡ ಮಾಡಿ, ಮತ್ತ ಕೂಡಸ್ತಾರಲ್ಲ, ಇವರ ಮನ್ಯಾಗ ಒಂದೂ ಹಳೇ ಸೀರಿ ಇಲ್ಲೇನ?’ ಅಮ್ಮನಿಗೆ ಬಣ್ಣ ಬಹಳ ಇಷ್ಟವಾಯಿತಂತೆ ಎಂದು ಮಗಳು ಅನುವಾದಿಸಿದಳು.

ಅಜ್ಜಿಯ ಸೀಮೆಯಲ್ಲಿ ಕೌದಿ ಎಂದರೆ ಸವೆದ ಸೀರೆ, ಹರಿದ ಧೋತರಕ್ಕೆ ಕೊಡುವ ಎರಡನೆಯ ಜನ್ಮ. ಅಂಥ ಕೌದಿ ಅಮೆರಿಕಕ್ಕೆ ತೀರ ಅಪರಿಚಿತವೂ ಅಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗಳು, ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಪ್ರಯತ್ನದಿಂದ, 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡಿದ್ದವು. ಆ ಹೆಣ್ಣುಮಕ್ಕಳು ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ‘ಫುಲಾ’ ಇಡುವ ತನಕ ಕೌದಿ ಬೆತ್ತಲೆ ಎನ್ನುತ್ತಾರೆ. ಅಂದರೆ ಅಲ್ಲಿ ಅರೆಬರೆಗೆ ಮಾನವಿಲ್ಲ.

‘ಕೂಸು ಮಲಗಿದ ಮ್ಯಾಲೆ ನನಗೇನ ಕೆಲಸ? ಒಂದ ಸೂಜಿ ಕೊಡ್ರಿ ಅಕ್ಕಾರ’ ಎಂದು ಅಜ್ಜಿ ಕೂತೇಬಿಟ್ಟರು. ತೊಟ್ಟಿಲಿನದು ಎರಡು ವಾರದಲ್ಲಿ ಮುಗಿಯಿತು. ಕುಡುಕ ಮನೆ ಮುಟ್ಟಿದ. ಅಂಚುಪಟ್ಟಿಯ ಮೂಲೆ ಮಡಚುವುದನ್ನು ಅಜ್ಜಿ ಒಮ್ಮೆ ನೋಡಿ ಕಲಿತರು, ಆಮೇಲೆ ಕ್ವಿಲ್ಟಮ್ಮನಿಗೇ ತಿದ್ದಿದರು. ಕಪಾಟಿನ ಎರಡು ಅರೆ ಖಾಲಿಯಾದದ್ದನ್ನು ಕಂಡು ಗಂಡ ಹಿಗ್ಗಿದ, ಕ್ವಿಲ್ಟಮ್ಮ ಕಳವಳಗೊಂಡಳು. ಖಾಲಿ ಅರೆ ಆಕೆ ಕಂಡ ಕಾಲ ಯಾವುದೋ. ಆ ಸಂಜೆಯೇ ನಿರ್ಧಾರ ಪ್ರಕಟವಾಯಿತು: ತಾನೂ ಒಂದು ಕೌದಿ ಹೊಲಿಯುತ್ತೇನೆ.

ಅಜ್ಜಿ ಪೆಟ್ಟಿಗೆಯಿಂದ ಎರಡು ಹಳೆಯ ಇಳಕಲ್ ಸೀರೆ ತೆಗೆದುಕೊಟ್ಟರು, ದಾರ ಎಳೆಯುವ ಹದ ತೋರಿಸಿದರು, ಆರು ತಿಂಗಳು ತುಂಬಿತೆಂದು ಊರಿಗೆ ಹೋದರು. ಗಿಲ್ಡ್‌ನಲ್ಲಿ ಜನವರಿಗೊಮ್ಮೆ ಅರೆಬರೆಗಳ ಪಟ್ಟಿ ಒಪ್ಪಿಸಿ, ತಿಂಗಳಿಗೊಂದು ಚೀಟಿ ಎತ್ತಿ, ಬಂದ ನಂಬರಿನದನ್ನು ಮುಗಿಸುವ ಪಂತವಿರುತ್ತದೆ. ಕ್ವಿಲ್ಟಮ್ಮನ ಈ ವರ್ಷದ ಪಟ್ಟಿಯಲ್ಲಿ ಕೌದಿಗೆ ಹನ್ನೆರಡನೆಯ ಸ್ಥಾನ. ಉಂಗುರಗಳಿಗೆ ಎಂದಿನಂತೆ ಒಂದನೆಯದು.

ವಾರಕ್ಕೊಮ್ಮೆ ಮಗಳ ಫೋನಿನ ಪರದೆಯಲ್ಲಿ ಅಜ್ಜಿ ಕಾಣಿಸಿಕೊಳ್ಳುತ್ತಾರೆ. ಎಷ್ಟಾಯಿತು ಎಂದು ಕೇಳುತ್ತಾರೆ. ಹೋದ ವಾರ ಕ್ವಿಲ್ಟಮ್ಮ ಸುಂಟರಗಾಳಿಯ ಸಂತ್ರಸ್ತರಿಗೆಂದು ಹೊಲಿದ ನಕ್ಷತ್ರದ ಬ್ಲಾಕನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದಳು. ಅಜ್ಜಿ ಕನ್ನಡಕ ಏರಿಸಿ ನೋಡಿದರು.

‘ಛಲೋ ಆಗೈತ್ರಿ ಅಕ್ಕಾರ. ಕೌದಿ ಎಲ್ಲೈತ್ರಿ?’

ಈ ಸಲ ಮಗಳು ಒಂದಕ್ಷರವನ್ನೂ ಬಿಡದೆ ಅನುವಾದಿಸಿದಳು.