ಅಥ ಬಿಡಿಗಾಸು ಪ್ರಕರಣಂ

ಯಾವ ದೊರೆ ಯಾವ ಟಂಕಸಾಲೆಯಲ್ಲಿ ಏನನ್ನು ಅಚ್ಚು ಹಾಕಿಸಿದ ಎಂಬುದಕ್ಕೆ ಗ್ರಂಥಗಳಿವೆ. ಆದರೆ ಭಾನುವಾರ ಬೆಳಿಗ್ಗೆ ಏಳಕ್ಕೆ, ಚಿಕ್ಕಪೇಟೆಯ ಸಂತೆಯಲ್ಲಿ, ಹಿತ್ತಾಳೆ ದೀಪಗಳಿಗೂ ಹಾಡದ ಗ್ರಾಮಫೋನಿಗೂ ನಡುವೆ ಸಿಕ್ಕ ಅರ್ಧ ಮೇಜಿನ ಮೇಲೆ ಯಾವ ನಾಣ್ಯ ಹರವಬೇಕು, ಯಾವುದನ್ನು ಡಬ್ಬಿಯಲ್ಲೇ ಬಿಡಬೇಕು ಎಂಬ ಮೂಲಪ್ರಶ್ನೆಯ ಗೋಜಿಗೆ ಒಬ್ಬ ಆಚಾರ್ಯನೂ ಹೋದಂತಿಲ್ಲ. ಆದ್ದರಿಂದ ಈ ಪ್ರಬಂಧ. ಇದಕ್ಕೆ ಅಧಿಕಾರಿ ಯಾರು? ಮೂರು ಭಾನುವಾರ ಬೋಣಿಯಿಲ್ಲದೆ ಮನೆಗೆ ಹೋದವನು. ಪ್ರಯೋಜನವೇನು? ನಾಲ್ಕನೆಯ ಭಾನುವಾರದ ಬಸ್ ಚಾರ್ಜು. ಸಂಬಂಧವನ್ನು ಮುಂದೆ ಷಷ್ಠೀ ವಿಭಕ್ತಿಯಲ್ಲಿ ವಿಚಾರಿಸಲಾಗುವುದು.

ಪೂರ್ವಪಕ್ಷ ಹೀಗೆ: ಅಪರೂಪವಾದದ್ದನ್ನು ತಾ, ತಾನೇ ಮಾರಾಟವಾಗುತ್ತದೆ. ಕೇಳಲು ಚೆನ್ನಾಗಿದೆ. ನನ್ನ ಬಳಿ ಇರುವುದರಲ್ಲಿ ನನಗೆ ಪ್ರಾಣವಾದದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ಒಂದು ತಾಮ್ರದ ಕಾಸು. ಆನೆ ನಿಂತಿದೆ, ಮೇಲೆ ಶ್ರೀಕಾರವಿದೆ. ತಿರುಗಿಸಿದರೆ ಕನ್ನಡದಲ್ಲಿ ‘ಮಯಿಲಿ ಕಾಸು’, ಜತೆಗೆ ಇಂಗ್ಲಿಷಿನಲ್ಲಿ ಇಪ್ಪತ್ತು ಕ್ಯಾಷ್. ಆನೆಯ ಬೆನ್ನು ಎಷ್ಟು ಕೈ ಸವರಿತೋ, ನುಣ್ಣಗಾಗಿದೆ. ಇದನ್ನು ಮೇಜಿಗೆ ತರುವಂತಿಲ್ಲ. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ನನ್ನದು ಅರ್ಧ ಮೇಜು. ಅದೇ ಕಾರಣಕ್ಕೆ 1911ರ ಐದನೆಯ ಜಾರ್ಜ್ ರೂಪಾಯಿಯೂ ಹೊರಗೆ. ಅರಸರ ನಿಲುವಂಗಿಯ ಮೇಲೆ ಕೆತ್ತಿದ ಆನೆ ಹಂದಿಯಂತೆ ಕಂಡಿತೆಂದು ಗಲಾಟೆಯಾಗಿ ಆ ರೂಪಾಯಿಯನ್ನು ಹಿಂದಕ್ಕೆ ಪಡೆದು ಮುಂದಿನ ವರ್ಷ ಸೊಂಡಿಲು ತಿದ್ದಿಸಿದರು. ಈ ಶಾಸ್ತ್ರದ ದೊಡ್ಡ ಸಂಕಟವೆಂದರೆ ಸರಕು ಸುಮ್ಮನಿರುವುದಿಲ್ಲ. ಪ್ರತಿ ಹೊಸ ವರ್ಷಕ್ಕೆ ನನ್ನ ಡಬ್ಬಿಯೊಳಗೆ ಒಂದು ಸಾಲು ನಾಣ್ಯ ನೂರು ತುಂಬಿಸಿಕೊಂಡು, ನಿನ್ನೆ ಮಾರಬಹುದಾಗಿದ್ದದ್ದು ಇವತ್ತು ಮಾರಬಾರದ್ದಾಗುತ್ತದೆ.

ಆದ್ದರಿಂದ ಸಿದ್ಧಾಂತ: ಆರಿಸಬೇಕಾದ್ದು ನಾಣ್ಯವನ್ನಲ್ಲ, ಗಿರಾಕಿಯನ್ನು. ಗಿರಾಕಿಗಳು ವಿಭಕ್ತಿಗಳಂತೆ; ಬಾಯಿಬಿಟ್ಟ ಮೊದಲ ಮಾತಿನ ಪ್ರತ್ಯಯ ನೋಡಿದರೆ ಜಾತಕ ಗೊತ್ತಾಗುತ್ತದೆ.

‘ಇದೇನು?’ ಎನ್ನುವ ಪ್ರಥಮಾ, ‘ಅದನ್ನ ತೋರ್ಸಿ, ಇದನ್ನ ತೋರ್ಸಿ’ ಎನ್ನುವ ದ್ವಿತೀಯಾ, ಇವರಿಬ್ಬರೂ ನೆರಳಿಗಾಗಿ ನಿಂತವರು. ಚತುರ್ಥಿಯಿಂದ ವ್ಯವಹಾರ ಶುರು: ‘ಎಷ್ಟಕ್ಕೆ?’ ಚತುರ್ಥಿ ಎಂದರೆ ನಾಲ್ಕನೆಯದು. ಚೌಕಾಸಿ ಎಂಬಲ್ಲಿಯೂ ಚೌ ಎಂದರೆ ನಾಲ್ಕು, ಅಂದರೆ ಯಾವುದನ್ನೇ ಆಗಲಿ ನಾಲ್ಕು ಕಾಸಿಗೆ ಕೇಳುವುದು. ನಿಘಂಟುಕಾರರು ಇದನ್ನು ಒಪ್ಪುವುದಿಲ್ಲ. ಅವರು ಸಂತೆಯಲ್ಲಿ ಕೂತವರಲ್ಲ.

‘ಎಲ್ಲಿಂದ ತಂದ್ರಿ?’ ಎನ್ನುವವನು ಭಯಂಕರ. ಇದು ತೃತೀಯೆಯೋ ಪಂಚಮಿಯೋ ಎಂದು ವೈಯಾಕರಣರು ಜಗಳವಾಡಲಿ. ಆಸಾಮಿ ತಂಟೆಯವನು ಎಂಬುದರಲ್ಲಿ ಒಮ್ಮತವಿದೆ. ನೆಲದಲ್ಲಿ ಸಿಕ್ಕ ನಿಧಿಯ ಬೆಲೆ ಹತ್ತು ರೂಪಾಯಿ ಮೀರಿದರೆ ಸರ್ಕಾರಕ್ಕೆ ತಿಳಿಸಬೇಕು ಎನ್ನುವ 1878ರ ಕಾಯಿದೆ ಅವನಿಗೆ ಬಾಯಿಪಾಠ.

ಸಪ್ತಮಿಯವರು ಸಂಖ್ಯೆಯಲ್ಲಿ ಹೆಚ್ಚು: ‘ಇದು ನಮ್ಮನೇಲೂ ಇದೆ.’ ಅಷ್ಟೇ. ಕೊಳ್ಳುವುದಿಲ್ಲ, ಹೋಗುವುದೂ ಇಲ್ಲ. ಅವರ ಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇದೆ, ಅದರಲ್ಲಿ ಇದರ ಅಪ್ಪನಂಥದ್ದು ಇದೆ, ಬೀಗದ ಕೈ ಮಾತ್ರ ಅತ್ತೆಯ ಹತ್ತಿರ ಇದೆ. ಡಬ್ಬಿ ಕೈಗೆ ಬಂದ ದಿನ ಇದೇ ಸಪ್ತಮಿ ಸಂಬೋಧನೆಗೆ ತಿರುಗುತ್ತದೆ: ‘ಸಾರ್, ಸಾರ್! ವೈಷ್ಣೋದೇವಿಯ ಐದು ರೂಪಾಯಿ ಇದೆ, ಹತ್ತು ಲಕ್ಷಕ್ಕೆ ಹೋಗುತ್ತಂತಲ್ಲ?’ 2012ರಲ್ಲಿ ಬಂದ ಆ ನಾಣ್ಯ ನನ್ನ ಮೇಜಿನ ಮೇಲೇ ಬಿದ್ದಿರುತ್ತದೆ, ಹೂವಿನ ಮೊಳದ ಬೆಲೆಗೆ. ಹಳೆಯ ನೋಟು ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರಿನಲ್ಲಿ ಮೋಸ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿತು. ಮೊಬೈಲಿನ ವೀಡಿಯೋ ಮುಂದೆ ರಿಸರ್ವ್ ಬ್ಯಾಂಕು ಯಾವ ಲೆಕ್ಕ? ಹನುಮಂತನ ಚಿತ್ರದ, ಈಸ್ಟ್ ಇಂಡಿಯಾ ಕಂಪನಿ, 1818 ಎಂದು ಒತ್ತಿದ ನಕಲಿ ಬಿಲ್ಲೆ ಹಿಡಿದು, ಇದು ಅಕ್ಕಿಯನ್ನು ಸೆಳೆಯುತ್ತದೆ ಎಂದವರೂ ಬಂದಿದ್ದಾರೆ. ಪ್ರಯೋಗಕ್ಕೆಂದು ಮಧ್ಯಾಹ್ನದ ಡಬ್ಬಿ ತೆರೆದಿಟ್ಟೆ. ಚಿತ್ರಾನ್ನ ಕದಲಲಿಲ್ಲ.

ಇನ್ನು ಷಷ್ಠಿ. ‘ನಮ್ಮ ತಾತನ ಕಾಲದ್ದು!’ ಈ ಒಂದು ‘ನ’ಕಾರಕ್ಕಾಗಿಯೇ ಅಂಗಡಿ ತೆರೆಯಬೇಕು. ಹಾಗಾದರೆ ತಾತಂದಿರ ಜೇಬಿನಲ್ಲಿ ಏನಿತ್ತು ಎಂಬುದೇ ಸರಕಿನ ನಿರ್ಣಯ. 1957ರ ಏಪ್ರಿಲ್ 1ರಿಂದ ಬಂದ ನಯಾಪೈಸೆ ತರಬೇಕು; ‘ನಯಾ’ ಎಂಬ ಪದ 1964ರಲ್ಲಿ ಬಿದ್ದುಹೋದ್ದರಿಂದ, ಮೈಮೇಲೆ ಹೊಸದೆಂದು ಬರೆದುಕೊಂಡದ್ದೇ ಹಳೆಯದು ಎಂಬ ವಿರೋಧಾಭಾಸಾಲಂಕಾರ ಬಿಟ್ಟಿ. ಆರು ಮೂಲೆಯ ಮೂರು ಪೈಸೆ ತರಬೇಕು. ತಾವರೆಯ ಹಳದಿ ಇಪ್ಪತ್ತು ಪೈಸೆಯನ್ನು ಮರೆತರೆ ಅಂದಿನ ವ್ಯಾಪಾರ ಕೆಟ್ಟಿತು. ನಾಕಾಣೆಯಂತೂ 2011ರ ಜೂನ್ 30ಕ್ಕೆ ತೀರಿಕೊಂಡಿತು. ಬದುಕಿದ್ದಾಗ ಇಪ್ಪತ್ತೈದು ಪೈಸೆ, ಈಗ ನನ್ನಲ್ಲಿ ಐದು ರೂಪಾಯಿ. ಮನುಷ್ಯರಲ್ಲಿಯೂ ಈ ಪದ್ಧತಿ ಉಂಟು.

ಶಂಕೆ: ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜಬಹುದೇ? ಸಮಾಧಾನ: ಕೂಡದು, ವರ್ಷಗಟ್ಟಲೆ ಕೂತ ಕಂದು ಹೊರಟುಹೋಗಿ ಸಂಗ್ರಾಹಕರ ಕಣ್ಣಲ್ಲಿ ಬೆಲೆ ಇಳಿಯುತ್ತದೆ. ಆದರೆ ಪಕ್ಕದ ದೀಪದಂಗಡಿಯಾತ ನನ್ನನ್ನು ಕೇಳದೆ ಹತ್ತು ನಾಣ್ಯ ಬೆಳಗಿಟ್ಟ. ಹತ್ತೂ ಹನ್ನೊಂದು ಗಂಟೆಯೊಳಗೆ ಹೋದವು. ಈ ವಿಷಯದಲ್ಲಿ ಶಾಸ್ತ್ರ ಮೌನವಾಗಿರುವುದು ಲೇಸು. ಭೂತಗನ್ನಡಿ ಹಿಡಿದು ಬಂದು, ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ಚುಕ್ಕೆಯಿದ್ದರೆ ನೋಯ್ಡಾ ಎಂದು ಗಂಟೆಗಟ್ಟಲೆ ಹುಡುಕುವ ನಿಜವಾದ ಸಂಗ್ರಾಹಕ, ಕೊನೆಗೆ ಹೊಗಳಿ ಹೋಗುತ್ತಾನೆ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಎಂದು ತಾರ್ಕಿಕರು ಊಹಿಸುವಂತೆ, ಕೈಯಲ್ಲಿ ಕನ್ನಡಿ ಕಂಡರೆ ಜೇಬಿನ ಮೇಲೆ ಕೈ ಹೋಗದು ಎಂದು ಊಹಿಸತಕ್ಕದ್ದು.

ಇಷ್ಟು ಬರೆದು ಶಾಸ್ತ್ರ ಮುಗಿಯಿತು ಎನ್ನುವಾಗ ಹೋದ ವಾರ ಒಬ್ಬ ಬಂದ. ಭುಜಕ್ಕೆ ಚೀಲ, ಚೀಲದಲ್ಲಿ ಪೈಪ್ ರೆಂಚು. ತೂತಿನ ಕಾಸಿನ ಗುಪ್ಪೆಗೆ ಕೈ ಹಾಕಿದ. 1943ರಿಂದ 47ರವರೆಗೆ, ಯುದ್ಧದ ಕಾಲದಲ್ಲಿ ಲೋಹ ಉಳಿಸಲೆಂದು ನಡುವೆ ತೂತಿಟ್ಟು ಹೊರಡಿಸಿದವು ಅವು, ಕಿರೀಟದಲ್ಲೇ ಬಗೆಬಗೆಯುಂಟು. ಅದನ್ನೆಲ್ಲ ಹೇಳಲು ಗಂಟಲು ಸರಿಮಾಡಿಕೊಂಡೆ. ಅವನು ಜೇಬಿನಿಂದ ಒಂದು ಬೋಲ್ಟ್ ತೆಗೆದು ಕಾಸಿನ ತೂತಿಗೆ ತೂರಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ.

‘ಎಷ್ಟಣ್ಣಾ?’

‘ಒಂದಕ್ಕೆ ಇಪ್ಪತ್ತು. ಯಾತಕ್ಕಪ್ಪಾ?’

‘ಬೋಲ್ಟಿಗೆ. ವಾಷರು.’

ಇದೂ ಚತುರ್ಥಿಯೇ, ಆದರೆ ನನ್ನ ಸೂತ್ರಕ್ಕೆ ನಿಲುಕುವ ಚತುರ್ಥಿಯಲ್ಲ. ನಾಲ್ಕಕ್ಕೆ ಅರವತ್ತು ಎಂದ, ಕೊಟ್ಟೆ. ಅವತ್ತಿನ ಬೋಣಿ ಅದೇ. ಹೊರಟವನು ತಿರುಗಿ ಬಂದು, ಮುಂದಿನ ವಾರಕ್ಕೆ ಇನ್ನೊಂದು ಡಜನ್ ಬೇಕು ಎಂದ.

‘ಯಾವ ಇಸವೀದು?’ ಎಂದೆ.

‘ಯಾವುದಾದ್ರೂ ಕೊಡಿ. ಬೋಲ್ಟ್ ಕೂತ್ರೆ ಸಾಕು.’