ಜೇಡದ ಮೇಷ್ಟ್ರು

ಚಳ್ಳಕೆರೆಯಲ್ಲಿ ಶೇಂಗಾ, ಎಣ್ಣೆ ಮಿಲ್ಲು, ಮಳೆ ಬಿಟ್ಟು ಬೇರೆ ಮಾತಾಡುವವರು ಕಡಿಮೆ. ಆ ಕಡಿಮೆಯವರಲ್ಲಿ ಒಬ್ಬರು ನನಗೇ ಗಂಟುಬಿದ್ದಿದ್ದಾರೆ. ನಿವೃತ್ತ ವಿಜ್ಞಾನ ಮೇಷ್ಟ್ರು. ಕಿಸೆಯಲ್ಲಿ ಮೊಬೈಲು, ಅದಕ್ಕೆ ಸಿಕ್ಕಿಸುವ ಪುಟ್ಟ ಲೆನ್ಸು. ಯಾರ ಮನೆಗೆ ಹೋದರೂ ಮೊದಲು ವಿಚಾರಿಸಿಕೊಳ್ಳುವುದು ಗೋಡೆಯನ್ನು. ಗೃಹಪ್ರವೇಶಕ್ಕೆ ಕರೆದರೆ ಹೊಸ ಬಣ್ಣ ನೋಡಿ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ.

ಅವರ ಆರಾಧ್ಯದೈವ ಜಿಗಿಜೇಡ. ಬಲೆ ಕಟ್ಟಿ ಕಾಯುವ ಜೇಡಗಳ ಬಗ್ಗೆ ಅವರಿಗೆ ತಾತ್ಸಾರ. ಇದಾದರೋ ಬೆಕ್ಕಿನ ಹಾಗೆ ಹೊಂಚಿ, ಒಂದು ಎಳೆ ಅಂಟಿಸಿಕೊಂಡು, ಹಿಂಗಾಲಿಗೆ ಮೈಯೊಳಗಿನ ದ್ರವ ಒತ್ತಿ ಹಾರುತ್ತದೆ. ಕಣ್ಣು ಎಂಟು, ಪ್ರಭೇದ 6,000ಕ್ಕೂ ಹೆಚ್ಚು. ಇದನ್ನೆಲ್ಲ ನಾನು ಕೇಳದೆಯೇ ಕಲಿತೆ.

ಅಣ್ಣನ ಮಗಳ ಧಾರೆ ಸೀರೆಗೆಂದು ಬೀಗರ ಜೊತೆ ಮೊಳಕಾಲ್ಮೂರಿನ ನೇಕಾರರೊಬ್ಬರ ಮನೆಗೆ ಹೋದಾಗ, ಮಗ್ಗ ನೋಡುವ ನೆಪದಲ್ಲಿ ಮೇಷ್ಟ್ರೂ ಬಂದರು. ಅಂಚಿನ ಬಣ್ಣ ಒಪ್ಪಿತ್ತು, ಜರಿಯ ಮಾತು ಮುಗಿದಿತ್ತು, ಇನ್ನೇನು ಐನೂರು ಇಳಿಯಬೇಕು, "ಅಮ್ಮಾ, ಅಲ್ಲಾಡಬೇಡ್ರಿ!" ಎಂದು ಕೂಗಿದರು. ಬೀಗಿತ್ತಿ ಹಾವೆಂದುಕೊಂಡು ಕಣ್ಣುಮುಚ್ಚಿ ತಿಪ್ಪೇರುದ್ರಸ್ವಾಮಿಯನ್ನು ನೆನೆದರು. ಅವರ ಮಡಿಲಲ್ಲಿ ಹರವಿದ್ದ ಸೆರಗಿನ ಮೇಲೆ ಸಣ್ಣದೊಂದು ಜೇಡ. ನೇಕಾರರು ಊದಲು ಬಗ್ಗಿದರೆ ಮೇಷ್ಟ್ರು ಅವರ ಬಾಯಿಗೇ ಕೈ ಅಡ್ಡ ಹಿಡಿದರು.

"ಪ್ಲೆಕ್ಸಿಪ್ಪಸ್! ಗಂಡು! ಕರಿ ಮೈಮೇಲೆ ಬಿಳಿ ಪಟ್ಟೆ ನೋಡ್ರಿ. ಆದ್ರೂ ಪ್ರಭೇದ ಪಕ್ಕಾ ಆಗ್ಬೇಕಂದ್ರೆ ಗುಪ್ತಾಂಗಾನೇ ಮೈಕ್ರೋಸ್ಕೋಪಲ್ಲಿ ನೋಡ್ಬೇಕು."

ಬೀಗರ ಎದುರಿಗೆ! ಮಗ್ಗದ ಗುಂಡಿಗೆ ಇಳಿದುಬಿಡೋಣವೆನ್ನಿಸಿತು ನನಗೆ. ಅಷ್ಟಕ್ಕೇ ಬಿಡದೆ ಮದುಮಗನ ಕಡೆ ತಿರುಗಿ, ಗಂಡು ಮುಂಗಾಲೆತ್ತಿ ಕುಣಿಯುವುದನ್ನೂ, ಕುಣಿತ ಹಿಡಿಸದಿದ್ದರೆ ಹೆಣ್ಣು ಅವನನ್ನು ತಿಂದೇಬಿಡಬಹುದೆಂಬುದನ್ನೂ ಎರಡು ಕೈಯೆತ್ತಿ ಅಭಿನಯಿಸಿದರು. ಹುಡುಗ ನಮ್ಮ ಹುಡುಗಿಯ ಮುಖ ನೋಡಿದ. ಐನೂರು ಇಳಿಯಲಿಲ್ಲ.

ಪೊರಕೆ ಹಿಡಿದವರನ್ನು ಕಂಡರೆ ಅವರಿಗಾಗದು. ಫೋಟೋ ಕಳಿಸುವುದು ರಾತ್ರಿ ಹನ್ನೊಂದರ ಮೇಲೆ; ಬೆಳಿಗ್ಗೆ ಅದರ ಮೇಲೆ ಪ್ರಶ್ನೆ. ಮುಂಬೈ ದಾಳಿಯಲ್ಲಿ ಕಸಬ್‌ನನ್ನು ಬಿಡದೆ ಹಿಡಿದು ಪ್ರಾಣ ಕೊಟ್ಟ ಪೊಲೀಸ್ ತುಕಾರಾಂ ಓಂಬಳೆಯವರ ನೆನಪಿಗೆ 2021ರಲ್ಲಿ ಮಹಾರಾಷ್ಟ್ರದ ಹೊಸ ಜಿಗಿಜೇಡಕ್ಕೆ 'ಇಸಿಯಸ್ ತುಕಾರಾಮಿ' ಎಂದು ಹೆಸರಿಟ್ಟಾಗ ಬೀದಿಗೆಲ್ಲ ಪೇಡೆ ಹಂಚಿದರು. ನಮ್ಮ ಕಾವಲಲ್ಲೂ ಹೆಸರಿಲ್ಲದ್ದೊಂದು ಇದ್ದೇ ಇರುತ್ತದೆಂದು ಅವರ ನಂಬಿಕೆ.

ಆ ಅಮೃತಮಹಲ್ ಕಾವಲಿನ ಹುಲ್ಲಲ್ಲಿ ಅವರು ಬೋರಲು ಮಲಗಿ ಹುಡುಕಿದ ಕಾಲವೊಂದಿತ್ತು. ಆಮೇಲೆ ಸುಮಾರು 10,000 ಎಕರೆ ಡಿಆರ್‌ಡಿಒ, ಇಸ್ರೋ, ಬಾರ್ಕ್, ಐಐಎಸ್‌ಸಿ ಮೊದಲಾದವುಗಳ ಪಾಲಾಯಿತು; ಗೋಡೆ, ಬೇಲಿ ಎದ್ದವು. ಕುರಿಯವರು ಬೇರೆ ದಾರಿ ಹಿಡಿದರು. ಮೇಷ್ಟ್ರು ಈಗ ಗೋಡೆಯ ಹೊರಮೈಯಲ್ಲೇ ಹುಡುಕುತ್ತಾರೆ. ಬಿಸಿಲಿಗೆ ಕೊಡೆ ಹಿಡಿಯುವ ಕೆಲಸ ನನ್ನದು, ಸಂಬಳವಿಲ್ಲ. ಒಮ್ಮೆ ಬೂದು ಜೇಡವೊಂದು ಸರಸರ ಗೋಡೆಯೇರಿ, ತುದಿಯಲ್ಲಿ ನಮ್ಮತ್ತ ಮುಖ ತಿರುಗಿಸಿ ನೋಡಿ, ಆಚೆಗೆ ಜಿಗಿಯಿತು. "ಅದಕ್ಕೆ ಪಾಸು ಬೇಡ ನೋಡಪ್ಪ" ಅಂದರು. ಅವತ್ತು ರಾತ್ರಿ ಫೋಟೋ ಬರಲಿಲ್ಲ. ನನಗೇ ನಿದ್ದೆ ಹತ್ತಲಿಲ್ಲ.

ಮೊನ್ನೆ ಫೋನು ಮಾಡಿದ್ದರು. ಭಾನುವಾರ ಜಟಿಂಗ ರಾಮೇಶ್ವರ ಬೆಟ್ಟ ಹತ್ತಬೇಕಂತೆ, ಬಂಡೆಗಳ ಮೇಲೆ ಒಳ್ಳೊಳ್ಳೆ ಜೇಡ ಇರಬೇಕಂತೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲೇ ಇದೆಯಲ್ಲ, ನನಗೂ ಆಸೆಯಾಯಿತು.

"ಶಾಸನಾನೂ ನೋಡ್ಕೊಂಡು ಬರೋಣ ಸಾರ್."

"ಟೈಮ್ ಉಳಿದ್ರೆ ನೋಡನ ಬಿಡಪ್ಪ. ಅದೇನು ಜಿಗಿದು ಹೋಗ್ತೈತಾ?"